ಸರ್ವರ್ ಮಲಗಿತು, ಹಾಸಿಗೆಯಲ್ಲಿದ್ದವರ ನಿದ್ದೆ ಕೆಟ್ಟಿತು

2025ರ ಅಕ್ಟೋಬರ್ 20ರಂದು ಅಮೆರಿಕದಲ್ಲಿ ಕೆಲವರು ನಡುರಾತ್ರಿ ಬೆವರುತ್ತಾ ಎದ್ದು ಕುಳಿತರು. ಹಾಸಿಗೆ ಬಿಸಿಯಾಗುತ್ತಲೇ ಇತ್ತು, ಸಾಕು ಎಂದರೂ ಕೇಳುತ್ತಿರಲಿಲ್ಲ. ಇನ್ನು ಕೆಲವರ ಮಂಚದ ತಲೆಭಾಗ ಮೇಲೆದ್ದು ಅಲ್ಲೇ ನಿಂತುಬಿಟ್ಟಿತ್ತು. ಏಯ್ಟ್ ಸ್ಲೀಪ್ ಎಂಬ ಕಂಪನಿ ಮಾರುವ ಹಾಸಿಗೆ ಹೊದಿಕೆ ಅದು. ಒಳಗೆ ನೀರು ಹರಿಯುವ ಸಣ್ಣ ಕೊಳವೆಗಳು, ಮಂಚದ ಪಕ್ಕ ಪಂಪ್ ಇರುವ ಒಂದು ಪೆಟ್ಟಿಗೆ. ನೀರನ್ನು ಸುಮಾರು 13ರಿಂದ 43 ಡಿಗ್ರಿ ಸೆಲ್ಸಿಯಸ್‌ವರೆಗೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು, ಅದಕ್ಕೆ ಮೊಬೈಲ್ ಆ್ಯಪ್ ಇದೆ. ಆ ರಾತ್ರಿ ಆ್ಯಪ್ ಕೆಲಸ ಮಾಡಲಿಲ್ಲ. ಕಾರಣ, ವರ್ಜೀನಿಯಾದಲ್ಲಿರುವ ಅಮೆಜಾನ್‌ನ ಕ್ಲೌಡ್ ಕೇಂದ್ರಗಳ, ಅಂದರೆ ಬೇರೆ ಕಂಪನಿಗಳು ಬಾಡಿಗೆಗೆ ಬಳಸುವ ಸರ್ವರ್‌ಗಳ, ಒಂದು ಗುಂಪು ಕೈಕೊಟ್ಟಿತ್ತು.

ಸುದ್ದಿ ಬಂದದ್ದೇ ತಡ, ನಗೆಹನಿಗಳು ಶುರುವಾದವು. ನಗು ಬರುವಂಥದ್ದೇ ಬಿಡಿ. ಆದರೆ ನಗು ಮುಗಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಪಂಪ್ ಇರುವುದು ಮಂಚದ ಪಕ್ಕ, ಫೋನ್ ಇರುವುದು ಕೈಯಲ್ಲಿ, ನಡುವೆ ಒಂದು ಮಾರು ದೂರವೂ ಇಲ್ಲ. ಹಾಗಿದ್ದಮೇಲೆ ‘ತಣ್ಣಗಾಗು’ ಎಂಬ ಒಂದು ಮಾತು ವರ್ಜೀನಿಯಾಕ್ಕೆ ಹೋಗಿ ಬರಬೇಕಾದದ್ದು ಯಾಕೆ? ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತಲ್ಲ ಇದು.

ಇಂಟರ್ನೆಟ್ ಕೈಕೊಟ್ಟಿದ್ದರಿಂದ ಹೀಗಾಯಿತು ಎಂದು ಎಲ್ಲರೂ ಬರೆದರು. ಅದು ಅರ್ಧ ಸತ್ಯ. ಸರ್ವರ್ ಎಂದ ಮೇಲೆ ಒಂದಲ್ಲ ಒಂದು ದಿನ ಬೀಳುತ್ತದೆ, ಎಷ್ಟೇ ದೊಡ್ಡ ಕಂಪನಿಯದಾದರೂ. ಅದು ಬಿದ್ದಾಗ ಮನೆಯ ಯಾವ ಯಾವ ವಸ್ತು ಜೊತೆಗೆ ಬೀಳಬೇಕು ಎನ್ನುವುದನ್ನು ಮಾತ್ರ ವಿನ್ಯಾಸ ಮಾಡಿದವರು ವರ್ಷಗಳ ಹಿಂದೆಯೇ ಕೂತು ತೀರ್ಮಾನಿಸಿರುತ್ತಾರೆ.

ಒಂದು ಬೆರಳೊತ್ತಿನ ಪ್ರಯಾಣ

ವೈಫೈ ಬಲ್ಬ್ ಒಂದನ್ನು ತೆಗೆದುಕೊಳ್ಳಿ. ಆ್ಯಪ್‌ನಲ್ಲಿ ‘ಆನ್’ ಒತ್ತಿದಿರಿ. ಬಲ್ಬ್ ಅದೇ ಕೋಣೆಯಲ್ಲಿದೆ. ಕ್ಲೌಡ್ ನಂಬಿದ ಬಲ್ಬ್ ಆದರೆ ನಡೆಯುವುದು ಹೀಗೆ: ಫೋನ್ ಮೊದಲು ಕಂಪನಿಯ ಸರ್ವರ್‌ನ ಹೆಸರು ಹಿಡಿದು ಅದರ ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ಅದರ ಅಂಕಿಯ ವಿಳಾಸ) ಏನು ಎಂದು ಡಿಎನ್‌ಎಸ್ ಎಂಬ ಇಂಟರ್ನೆಟ್‌ನ ವಿಳಾಸ ಪುಸ್ತಕವನ್ನು ಕೇಳುತ್ತದೆ. ವಿಳಾಸ ಸಿಕ್ಕ ಮೇಲೆ ಗೂಢಲಿಪಿಯ ಸಂಪರ್ಕ ಕಟ್ಟಿಕೊಳ್ಳುತ್ತದೆ. ಆಗ ಸರ್ವರ್ ಅಸಲಿಯೇ ಎಂದು ತೋರಿಸುವ ಸರ್ಟಿಫಿಕೇಟ್ ಪರಿಶೀಲನೆಯಾಗುತ್ತದೆ. ನಂತರ ನೀವು ಲಾಗಿನ್ ಆದಾಗ ಸಿಕ್ಕ ಟೋಕನ್ ತೋರಿಸುತ್ತದೆ. ಸರ್ವರ್ ಆ ಟೋಕನ್ ನೋಡಿ, ಈ ಬಲ್ಬ್ ಈ ಖಾತೆಯದ್ದೇ ಎಂದು ಡೇಟಾಬೇಸ್‌ನಲ್ಲಿ ಖಚಿತಪಡಿಸಿಕೊಂಡು, ‘ಈ ಬಲ್ಬ್ ಉರಿಯುತ್ತಿರಬೇಕು’ ಎಂದು ಒಂದು ಸಾಲು ಬರೆದಿಡುತ್ತದೆ. ಆಮೇಲೆ ಆ ಸಾಲು ಬಲ್ಬ್ ಕಡೆಗೆ ಹೊರಡುತ್ತದೆ.

ಬಲ್ಬ್‌ಗೆ ಅದು ತಲುಪುವುದು ಹೇಗೆ? ಮನೆಯ ರೂಟರ್ ಹೊರಗಿನವರನ್ನು ತಾನಾಗಿ ಒಳಗೆ ಬಿಡುವುದಿಲ್ಲ. ಹಾಗಾಗಿ ಬಲ್ಬ್ ತಾನೇ ಹೊರಗೆ ಹೋಗಿ ಒಂದು ಸಂಪರ್ಕ ತೆರೆದುಕೊಂಡು ಕೂತಿರುತ್ತದೆ, ಸಾಮಾನ್ಯವಾಗಿ ಎಂಕ್ಯೂಟಿಟಿ ಎಂಬ ಪ್ರೋಟೋಕಾಲ್‌ನಲ್ಲಿ, 8883ನೇ ಪೋರ್ಟ್ ಮೂಲಕ. ತುಂಬ ಹೊತ್ತು ಮಾತಿಲ್ಲದಿದ್ದರೆ ರೂಟರ್ ಆ ಸಂಪರ್ಕವನ್ನು ಮರೆತುಬಿಡುತ್ತದೆ. ಅದಕ್ಕೆ 30 ಸೆಕೆಂಡಿಗೋ 60 ಸೆಕೆಂಡಿಗೋ ಒಮ್ಮೆ ‘ಇದ್ದೀಯಾ?’ ‘ಇದ್ದೇನೆ’ ಎಂಬ ಸಂಭಾಷಣೆ ನಡೆಯುತ್ತಲೇ ಇರುತ್ತದೆ, ನೀವು ಬಲ್ಬ್ ಮುಟ್ಟದಿದ್ದರೂ, ರಾತ್ರಿಯಿಡೀ. ಎಂಕ್ಯೂಟಿಟಿ ಹುಟ್ಟಿದ್ದು 1999ರಲ್ಲಿ, ತೈಲ ಕೊಳವೆ ಮಾರ್ಗಗಳ ಒತ್ತಡ, ಹರಿವುಗಳನ್ನು ದುಬಾರಿ ಉಪಗ್ರಹ ಸಂಪರ್ಕದ ಮೂಲಕ ಓದುವುದಕ್ಕೆ. ಮರುಭೂಮಿಯ ಪೈಪಿಗೆಂದು ಮಾಡಿದ್ದು ಈಗ ಮಲಗುವ ಕೋಣೆಯ ದೀಪ ಆರಿಸುತ್ತಿದೆ.

ಇಷ್ಟೆಲ್ಲ ಆಗಲು ಅರ್ಧ ಸೆಕೆಂಡೂ ಹಿಡಿಯುವುದಿಲ್ಲ, ಆದ್ದರಿಂದಲೇ ಯಾರಿಗೂ ಗೊತ್ತಾಗುವುದಿಲ್ಲ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. 10,000 ಕಿಲೋಮೀಟರ್ ದೂರದ ಸರ್ವರ್‌ಗೂ ಹೋಗುವ ದಾರಿಗೆ 50 ಮಿಲಿಸೆಕೆಂಡ್ ಸಾಕು. ವೇಗ ಇಲ್ಲಿ ತೊಂದರೆಯೇ ಅಲ್ಲ. ಡಿಎನ್‌ಎಸ್, ಸರ್ಟಿಫಿಕೇಟ್, ಟೋಕನ್, ಡೇಟಾಬೇಸ್, ಸಂದೇಶ ರವಾನೆ, ಹೀಗೆ ಐದಾರು ಕೊಂಡಿಗಳ ಸರಪಳಿಯಲ್ಲಿ ಒಂದು ಕಳಚಿದರೂ ಕತ್ತಲೆ. ಕಳಚಿದ್ದು ಯಾವುದು ಎಂದು ಆ್ಯಪ್ ಹೇಳುವುದೂ ಇಲ್ಲ, ‘ಸಾಧನ ಆಫ್‌ಲೈನ್’ ಎಂದು ಬಲ್ಬ್ ಮೇಲೆ ತಪ್ಪು ಹೊರಿಸಿ ಸುಮ್ಮನಾಗುತ್ತದೆ. ಬಲ್ಬ್ ಪಾಪ, ಕಣ್ಣೆದುರೇ ಇರುತ್ತದೆ.

ಅಂದು ಕಳಚಿದ ಕೊಂಡಿ

ಅಕ್ಟೋಬರ್ 20ರಂದು ಕಳಚಿದ್ದು ಮೊದಲ ಕೊಂಡಿಯೇ, ಡಿಎನ್‌ಎಸ್. ಅಮೆಜಾನ್ ಆಮೇಲೆ ಕೊಟ್ಟ ವಿವರಣೆಯನ್ನು ಓದಿದರೆ ಇದು ಯಾವ ಕಚೇರಿಯಲ್ಲಾದರೂ ನಡೆಯಬಹುದಾದ ಪ್ರಸಂಗ ಅನ್ನಿಸುತ್ತದೆ. ಡೈನಮೋಡಿಬಿ ಎಂಬ ಅವರ ಡೇಟಾಬೇಸ್ ಸೇವೆಗೆ ಸಾವಿರಾರು ಸರ್ವರ್‌ಗಳಿವೆ. ಯಾವ ಹೆಸರಿಗೆ ಯಾವ ವಿಳಾಸಗಳು ಎಂಬ ಪಟ್ಟಿಯನ್ನು ಒಂದು ತಂತ್ರಾಂಶ ತಯಾರಿಸುತ್ತದೆ. ತಯಾರಾದ ಪಟ್ಟಿಯನ್ನು ಜಾರಿಗೆ ತರುವ ತಂತ್ರಾಂಶಗಳು ಮೂರು, ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು.

ಅಂದು ಜಾರಿ ಮಾಡುವ ಒಂದಕ್ಕೆ ಏಕೋ ತಡವಾಯಿತು. ಕೈಯಲ್ಲಿದ್ದ ಪಟ್ಟಿ ಈಗಿರುವುದಕ್ಕಿಂತ ಹೊಸದೇ ಎಂದು ಅದು ಶುರುವಿನಲ್ಲಿ ನೋಡಿಕೊಂಡಿತ್ತು, ಆದರೆ ಕೆಲಸ ಮುಗಿಯುವಷ್ಟರಲ್ಲಿ ಆ ಪಟ್ಟಿ ಹಳತಾಗಿತ್ತು. ಅಷ್ಟರಲ್ಲಿ ಜಾರಿ ಮಾಡುವ ಇನ್ನೊಂದು ತಂತ್ರಾಂಶ ಹೊಸ ಪಟ್ಟಿಯನ್ನು ಚಕಚಕನೆ ಜಾರಿಗೆ ತಂದು, ‘ತೀರಾ ಹಳೆಯವನ್ನು ಅಳಿಸಿಬಿಡೋಣ’ ಎಂದು ಗುಡಿಸಲು ಹೊರಟಿತು. ಅದೇ ಗಳಿಗೆಗೆ ತಡವಾದದ್ದು ಬಂದು ಹೊಸದರ ಮೇಲೆ ಹಳೆಯದನ್ನು ಬರೆಯಿತು. ಗುಡಿಸುತ್ತಿದ್ದದ್ದು ಅದನ್ನೂ ಕಸ ಎಂದು ಅಳಿಸಿತು. ಹೆಸರು ಉಳಿಯಿತು, ಅದರೆದುರಿನ ವಿಳಾಸ ಖಾಲಿ. ಇಬ್ಬರ ಕೆಲಸವೂ ಸರಿಯೇ, ಫಲಿತಾಂಶ ಮಾತ್ರ ಸೊನ್ನೆ. ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು ಮಾಡಿದ ವ್ಯವಸ್ಥೆಯೇ ಎರಡೂ ಸರಿ ಇದ್ದಾಗ ಎಡವಿತು. ತಾನಾಗಿ ಸರಿಹೋಗಲಿಲ್ಲ, ಮನುಷ್ಯರು ಕೈ ಹಾಕಿ ಬರೆಯಬೇಕಾಯಿತು.

ಆ ಖಾಲಿ ಸಾಲು ಸರಿಯಾಗಲು ಸುಮಾರು ಎರಡೂವರೆ ಗಂಟೆ ಹಿಡಿಯಿತು. ಅಷ್ಟರಲ್ಲಿ ಅದನ್ನು ನಂಬಿದ್ದ ಇತರ ಸೇವೆಗಳು ಒಂದರ ಮೇಲೊಂದು ಮುಗ್ಗರಿಸಿದ್ದವು. ಎಲ್ಲವೂ ಹಳಿಗೆ ಬರುವಾಗ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಮಧ್ಯಾಹ್ನ ಕಳೆದಿತ್ತು. ಏಯ್ಟ್ ಸ್ಲೀಪ್ ಕಂಪನಿಯ ಮುಖ್ಯಸ್ಥ ಕ್ಷಮೆ ಕೇಳಿದರು. ಕೆಲವೇ ದಿನಗಳಲ್ಲಿ ಕ್ಲೌಡ್ ಸಿಗದಿದ್ದರೆ ಬ್ಲೂಟೂತ್ ಮೂಲಕವೇ ಹಾಸಿಗೆಯ ಜೊತೆ ಮಾತಾಡುವ ವ್ಯವಸ್ಥೆ ಆ್ಯಪ್‌ಗೆ ಬಂತು. ಗಮನಿಸಬೇಕಾದ್ದು ಇದನ್ನೇ. ಬ್ಲೂಟೂತ್ ಹಾಸಿಗೆಯಲ್ಲಿ ಮೊದಲೇ ಇತ್ತು, ಫೋನಿನಲ್ಲೂ ಇತ್ತು. ಹೊಸ ಯಂತ್ರಭಾಗ ಏನೂ ಬೇಕಾಗಲಿಲ್ಲ. ಬೇಕಾಗಿದ್ದದ್ದು ಇಂಥದ್ದೊಂದು ರಾತ್ರಿ.

ಆಜ್ಞೆ, ವೇಳಾಪಟ್ಟಿ, ಗುರುತು

ಇಂಥ ಯಾವ ಉಪಕರಣವನ್ನಾದರೂ ಅಳೆಯಲು ಮೂರು ಪ್ರಶ್ನೆ ಸಾಕು. ಆಜ್ಞೆ ಯಾವ ದಾರಿಯಲ್ಲಿ ಹೋಗುತ್ತದೆ? ‘ಸಂಜೆ ಆರಕ್ಕೆ ಹೊತ್ತಿಕೊ’ ಎಂಬ ವೇಳಾಪಟ್ಟಿ ಯಾರ ತಲೆಯಲ್ಲಿದೆ, ಉಪಕರಣದ್ದೋ ಸರ್ವರ್‌ದ್ದೋ? ನೀವು ಯಾರೆಂದು ತೀರ್ಮಾನಿಸುವವರು ಯಾರು? ಮೂರೂ ಮನೆಯೊಳಗೇ ಇದ್ದರೆ ನಿಶ್ಚಿಂತೆ, ಮೂರೂ ಹೊರಗಿದ್ದರೆ ನಿಮ್ಮ ಮನೆಯಲ್ಲಿರುವುದು ಬರೀ ಡಬ್ಬಿ.

ವೇಳಾಪಟ್ಟಿ ಹೊರಗಿದ್ದರೆ ಏನಾಗುತ್ತದೆ ಎಂಬುದಕ್ಕೆ ಹಳೆಯ ಉದಾಹರಣೆ ಪೆಟ್‌ನೆಟ್. ಬೆಕ್ಕು, ನಾಯಿಗಳಿಗೆ ಹೊತ್ತಿಗೆ ಸರಿಯಾಗಿ ಆಹಾರ ಸುರಿಯುವ ಯಂತ್ರ ಅದು. 2016ರ ಜುಲೈನಲ್ಲಿ ಸರ್ವರ್ ಕೈಕೊಟ್ಟಾಗ ಕಂಪನಿ ಗ್ರಾಹಕರಿಗೆ ಕಳಿಸಿದ ಸಲಹೆ: ಸದ್ಯಕ್ಕೆ ನಿಮ್ಮ ಪ್ರಾಣಿಗಳಿಗೆ ಕೈಯಾರೆ ಊಟ ಹಾಕಿ. ಮನೆಯಲ್ಲಿದ್ದವರು ಹಾಕಿದರು. ಯಂತ್ರ ಕೊಂಡಿದ್ದೇ ಮನೆಯಲ್ಲಿ ಇರುವುದಿಲ್ಲ ಎಂಬ ಕಾರಣಕ್ಕೆ ತಾನೆ? ಹೊತ್ತು ನೋಡಿ ಒಂದು ಮೋಟಾರನ್ನು ಎರಡು ಸುತ್ತು ತಿರುಗಿಸಲು ಹತ್ತಾರು ಬೈಟ್ ಜ್ಞಾಪಕಶಕ್ತಿ ಬೇಕು. ಅದಕ್ಕೂ ಕ್ಲೌಡ್ ಎಂದರೆ ಮೂಗಿಗಿಂತ ಮೂಗುತಿ ಭಾರ.

ಆಜ್ಞೆಯ ದಾರಿ ಹೊರಗಿದ್ದರೂ ಗೋಡೆಯ ಗುಂಡಿಯನ್ನು ಒಳಗೆ ಉಳಿಸಿಕೊಂಡವರು ಬಚಾವಾಗುತ್ತಾರೆ. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಎಂಬ ಕಂಪನಿಯ ಸರ್ವರ್‌ಗಳು ಮುನ್ಸೂಚನೆಯೇ ಇಲ್ಲದೆ ಆರಿಹೋದವು. ಆ್ಯಪ್ ಸತ್ತಿತು. ಆದರೆ ಅದರ ಗೋಡೆ ಸ್ವಿಚ್‌ಗಳು ಒಂದಕ್ಕೊಂದು ನೇರವಾಗಿ ಮಾತಾಡುವಂಥವು, ಹಾಗಾಗಿ ದೀಪಗಳು ಉರಿಯುತ್ತಲೇ ಇದ್ದವು. ಆ ವರ್ಷವೇ ಬಳಕೆದಾರರದ್ದೇ ಒಂದು ಗುಂಪು ಕಂಪನಿಯನ್ನು ಕೊಂಡು ಸರ್ವರ್‌ಗೆ ಮತ್ತೆ ಜೀವ ಕೊಟ್ಟಿತು. ಮನೆಯ ಬಿಸಿ, ತಂಪು ಹೊಂದಿಸುವ ನೆಸ್ಟ್ ಥರ್ಮೋಸ್ಟಾಟ್‌ನ ಮೊದಲ ಎರಡು ಪೀಳಿಗೆಗಳಿಗೆ ಗೂಗಲ್ 2025ರ ಅಕ್ಟೋಬರ್ 25ರಂದು ಸೇವೆ ನಿಲ್ಲಿಸಿದಾಗಲೂ ಹೀಗೆಯೇ. ಫೋನಿನಿಂದ ಹೊರಗಾದವು, ಗೋಡೆಯ ಮೇಲೆ ತಿರುಗಿಸಿದರೆ ಕೆಲಸ ಮಾಡುತ್ತವೆ. ಸಾಯುವುದಾದರೆ ಹೀಗೆ ಸಾಯಬೇಕು.

ರಿವಾಲ್ವ್ ಎಂಬ ಹಬ್ (ಮನೆಯ ಉಪಕರಣಗಳನ್ನೆಲ್ಲ ಜೋಡಿಸುವ ಪೆಟ್ಟಿಗೆ) ಹಾಗೆ ಸಾಯಲಿಲ್ಲ. ‘ಜೀವಮಾನದ ಚಂದಾ’ ಸೇರಿದೆ ಎಂದು ಮಾರಿದ್ದ ಅದನ್ನು, ಕಂಪನಿಯನ್ನು ಕೊಂಡ ನೆಸ್ಟ್ 2016ರ ಮೇ 15ಕ್ಕೆ ಪೂರ್ತಿ ನಿಲ್ಲಿಸಿತು. ಯಾರ ಜೀವಮಾನ ಎಂದು ಮಾರುವಾಗ ಯಾರೂ ಕೇಳಿರಲಿಲ್ಲ.

ಬೀಗಗಳದ್ದು ಇನ್ನೊಂದು ಬಗೆ. 2017ರ ಆಗಸ್ಟ್‌ನಲ್ಲಿ ಲಾಕ್‌ಸ್ಟೇಟ್ ಎಂಬ ಕಂಪನಿ ತನ್ನ ಒಂದು ಮಾದರಿಯ ಬೀಗಕ್ಕೆ ಇನ್ನೊಂದು ಮಾದರಿಯ ಫರ್ಮ್‌ವೇರ್ (ಉಪಕರಣದೊಳಗೇ ಕೂತು ಅದನ್ನು ನಡೆಸುವ ತಂತ್ರಾಂಶ) ಕಳಿಸಿಬಿಟ್ಟಿತು. ಸುಮಾರು 500 ಬೀಗಗಳು ಮೂಕಾದವು. ತಪ್ಪನ್ನು ದೂರದಿಂದಲೇ ತಿದ್ದಬಹುದಿತ್ತಲ್ಲ ಎಂದರೆ, ಹೊಸ ಫರ್ಮ್‌ವೇರ್ ಪಡೆಯಲು ಬೇಕಾದ ಸಂಪರ್ಕವನ್ನೇ ಆ ತಪ್ಪು ಫರ್ಮ್‌ವೇರ್ ಕಡಿದುಹಾಕಿತ್ತು. ಬೀಗದ ಭಾಗ ಬಿಚ್ಚಿ ಕಂಪನಿಗೆ ಕಳಿಸಬೇಕಾಯಿತು. ಕಬ್ಬಿಣದ ಕೀಲಿ ಇಟ್ಟುಕೊಂಡಿದ್ದವರಿಗೆ ಮಾತ್ರ ಏನೂ ಆಗಲಿಲ್ಲ. 2019ರಲ್ಲಿ ನೈಕಿಯ ತಾನೇ ದಾರ ಬಿಗಿದುಕೊಳ್ಳುವ ಬೂಟುಗಳಲ್ಲೂ ಅಪ್‌ಡೇಟ್ ಎಡವಟ್ಟಾಗಿ, ಜೋಡಿಯಲ್ಲಿ ಒಂದು ಬೂಟು ಮಾತ್ರ ಫೋನಿನ ಮಾತು ಕೇಳುತ್ತಿಲ್ಲ ಎಂಬ ದೂರುಗಳು ಬಂದಿದ್ದವು.

ಗಡಿಯಾರ ಗೊತ್ತಿಲ್ಲದ ಯಂತ್ರಗಳು

ಸರ್ವರ್ ಚೆನ್ನಾಗಿದ್ದರೂ, ಇಂಟರ್ನೆಟ್ ಇದ್ದರೂ ಉಪಕರಣ ಕೈಕೊಡುವ ಒಂದು ಕಾರಣವನ್ನು ಹೆಚ್ಚಿನವರು ಗಮನಿಸುವುದಿಲ್ಲ: ಹೊತ್ತು. ಕೈಗೆಟುಕುವ ಬೆಲೆಯ ಪ್ಲಗ್, ಬಲ್ಬ್‌ಗಳಲ್ಲಿ ಬ್ಯಾಟರಿ ಇರುವ ಗಡಿಯಾರ ಇರುವುದಿಲ್ಲ. ಆ ಬಿಡಿಭಾಗದ ಖರ್ಚು ಉಳಿಸಿರುತ್ತಾರೆ. ಕರೆಂಟ್ ಹೋಗಿ ಬಂದಾಗ ಅದರ ಪಾಲಿಗೆ ಆ ದಿನ 1970ರ ಜನವರಿ 1. ಇಂಟರ್ನೆಟ್‌ನಲ್ಲಿರುವ ಸಮಯದ ಸರ್ವರ್ ಅನ್ನು ಕೇಳಿ ತಿಳಿದುಕೊಂಡ ಮೇಲೆಯೇ ಇವತ್ತಿಗೆ ಬರುತ್ತದೆ. ಕೇಳುವ ದಾರಿ ಇಲ್ಲದಿದ್ದರೆ ವೇಳಾಪಟ್ಟಿ ಉಪಕರಣದೊಳಗೇ ಇದ್ದರೂ ಪ್ರಯೋಜನವಿಲ್ಲ, ಸಂಜೆ ಆರು ಯಾವಾಗ ಎಂದೇ ಅದಕ್ಕೆ ತಿಳಿಯದು. ಕರೆಂಟ್ ಮತ್ತು ಇಂಟರ್ನೆಟ್ ಜೊತೆಜೊತೆಗೆ ಹೋಗಿ, ಕರೆಂಟ್ ಮಾತ್ರ ಬಂದ ದಿನ ವೇಳಾಪಟ್ಟಿಗಳೆಲ್ಲ ಮಂಗಮಾಯವಾಗುವುದು ಇದರಿಂದ.

ಇನ್ನೂ ಒಂದು ಗಂಟು ಇದೆ. ಸರ್ಟಿಫಿಕೇಟ್‌ಗೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. 1970ರಲ್ಲಿ ಸಿಲುಕಿದ ಯಂತ್ರಕ್ಕೆ ಸರ್ವರ್‌ನ ಸರ್ಟಿಫಿಕೇಟ್ ‘ಇನ್ನೂ ಶುರುವೇ ಆಗಿಲ್ಲ’ ಎಂದು ಕಾಣುತ್ತದೆ, ಸಂಪರ್ಕ ನಿರಾಕರಿಸುತ್ತದೆ. ಕ್ಲೌಡ್ ಬೇಕಾದರೆ ಸಮಯ ಬೇಕು, ಆ ಸಮಯವನ್ನು ಕ್ಲೌಡ್‌ನಿಂದಲೇ ಪಡೆಯುವಂತೆ ಮಾಡಿದ್ದರೆ ಮುಗಿಯಿತು ಕಥೆ.

ಅವಧಿಯ ಇನ್ನೊಂದು ತುದಿಯಲ್ಲೂ ಹಳ್ಳವಿದೆ. 2025ರ ಮಾರ್ಚ್ 9ರಂದು ಫೋನಿನ ವಿಡಿಯೊ, ಹಾಡುಗಳನ್ನು ಟಿವಿಗೋ ಸ್ಪೀಕರ್‌ಗೋ ಕಳಿಸುವ ಗೂಗಲ್‌ನ ಎರಡನೇ ಪೀಳಿಗೆಯ ಕ್ರೋಮ್‌ಕಾಸ್ಟ್ ಮತ್ತು ಕ್ರೋಮ್‌ಕಾಸ್ಟ್ ಆಡಿಯೊಗಳು ಜಗತ್ತಿನಾದ್ಯಂತ ಒಟ್ಟಿಗೆ ನಿಂತವು. ಅವು ‘ನಾನು ಅಸಲಿ’ ಎಂದು ತೋರಿಸುವ ಸರ್ಟಿಫಿಕೇಟ್‌ನ ಹಿಂದೆ ಇನ್ನೊಂದು ಸರ್ಟಿಫಿಕೇಟ್ ಇತ್ತು, ಅದಕ್ಕೆ 10 ವರ್ಷದ ಆಯುಸ್ಸು ಬರೆದಿದ್ದರು. 2015ರಲ್ಲಿ 10 ವರ್ಷ ಎಂದರೆ ಬಹಳ ದೂರ ಅನ್ನಿಸಿರಬೇಕು. ಯಂತ್ರ ಚೆನ್ನಾಗಿಯೇ ಇತ್ತು, ಸರ್ವರ್ ಬಿದ್ದಿರಲಿಲ್ಲ, ಆದರೂ ಫೋನ್ ಅದನ್ನು ನಂಬಲಿಲ್ಲ. ಗೂಗಲ್ ಕೆಲವು ದಿನಗಳಲ್ಲಿ ಅಪ್‌ಡೇಟ್ ಕಳಿಸಿತು. ಅಷ್ಟರಲ್ಲಿ ಫ್ಯಾಕ್ಟರಿ ರೀಸೆಟ್ ಮಾಡಿಬಿಟ್ಟವರ ಪಾಡು ಮಾತ್ರ ಹೆಚ್ಚು ಕೆಟ್ಟಿತು, ಏಕೆಂದರೆ ಮರುಜೋಡಣೆಗೂ ಅದೇ ಸರ್ಟಿಫಿಕೇಟ್ ಬೇಕಿತ್ತು.

ಹಾಗಾದರೆ ಹೀಗೇಕೆ ಮಾಡುತ್ತಾರೆ?

ಎಲ್ಲವೂ ದುರಾಸೆಯಲ್ಲ. ಮನೆಯಿಂದ ಹೊರಗಿರುವಾಗ ಉಪಕರಣವನ್ನು ತಲುಪಬೇಕಾದರೆ ನಡುವೆ ಒಬ್ಬ ದಲ್ಲಾಳಿ ಬೇಕೇ ಬೇಕು, ಅದಕ್ಕೆ ಕ್ಲೌಡ್ ಸುಲಭದ ಉಪಾಯ. ಆ ದಾರಿ ಒಮ್ಮೆ ಕಟ್ಟಿದ ಮೇಲೆ ಮನೆಯೊಳಗಿನ ನೇರ ದಾರಿಯನ್ನು ಬೇರೆ ಕಟ್ಟಬೇಕು, ಅದನ್ನು ಬೇರೆಯೇ ಪರೀಕ್ಷಿಸಬೇಕು. ನೂರಾರು ಬಗೆಯ ರೂಟರ್‌ಗಳಲ್ಲಿ ಅದು ನೂರಾರು ರೀತಿಯಲ್ಲಿ ಕೆಡುತ್ತದೆ. ಗ್ರಾಹಕರ ದೂರು ಪರಿಹರಿಸುವವರಿಗೂ ಒಂದೇ ದಾರಿ ಇದ್ದರೆ ಅನುಕೂಲ. ಧ್ವನಿ ಗುರುತಿಸುವುದು, ನಿದ್ದೆಯ ಲೆಕ್ಕ ಹಾಕುವುದು ಮುಂತಾದ ಭಾರದ ಕೆಲಸಕ್ಕೆ ದೊಡ್ಡ ಕಂಪ್ಯೂಟರ್ ಬೇಕು ಎನ್ನುವುದೂ ನಿಜ. ಜೊತೆಗೆ ತಿಂಗಳ ಚಂದಾ ಎಂಬ ಆಮಿಷವೂ ಇದೆ. ಎಲ್ಲ ನಿಮ್ಮ ಮನೆಯೊಳಗೇ ನಡೆದುಹೋದರೆ ಚಂದಾ ಯಾವುದಕ್ಕೆ ಕೇಳುವುದು?

ರಾತ್ರಿ ಎಷ್ಟು ಸಲ ಮಗ್ಗಲು ಬದಲಿಸಿದಿರಿ ಎಂಬ ಲೆಕ್ಕ ಕ್ಲೌಡ್‌ನಲ್ಲಿ ಆದರೆ ತಕರಾರಿಲ್ಲ, ಬೆಳಿಗ್ಗೆ ಒಂದು ದಿನ ಸಿಗದಿದ್ದರೂ ಯಾರೂ ಸಾಯುವುದಿಲ್ಲ. ಬಿಸಿ ಹೆಚ್ಚು ಕಡಿಮೆ ಮಾಡುವ ಗುಂಡಿ ಕ್ಲೌಡ್‌ನಲ್ಲಿ ಇರಬಾರದು. ಇವೆರಡನ್ನೂ ಒಂದೇ ಮೂಟೆಯಲ್ಲಿ ಕಟ್ಟಿದ್ದು ಸೋಮಾರಿತನ.

ಹತ್ತಿಪ್ಪತ್ತು ನಿಮಿಷದ ಪರೀಕ್ಷೆ

ಪೆಟ್ಟಿಗೆಯ ಮೇಲೆ ಬರೆದದ್ದನ್ನು ನಂಬಬೇಡಿ. ‘ಆ್ಯಪ್ ನಿಯಂತ್ರಣ’, ‘ವೈಫೈ ಬೆಂಬಲ’ ಎಂಬುದೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಮಾತು. ವೈಫೈ ಇದ್ದಮಾತ್ರಕ್ಕೆ ಆಜ್ಞೆ ಮನೆಯೊಳಗೇ ಸುತ್ತುತ್ತದೆ ಎಂದಲ್ಲ. ಕೊಂಡ ಮೇಲೆ, ವಾಪಸ್ ಕೊಡುವ ಅವಧಿ ಮುಗಿಯುವ ಮೊದಲು, ಹೀಗೆ ಮಾಡಿ ನೋಡಿ.

ರೂಟರ್ ಅನ್ನು ಆರಿಸಬೇಡಿ, ವೈಫೈ ಇರಬೇಕು. ರೂಟರ್‌ಗೆ ಹೊರಗಿನಿಂದ ಬರುವ ವ್ಯಾನ್ ಕೇಬಲ್ ಒಂದನ್ನೇ ಕಿತ್ತಿಡಿ. ಫೈಬರ್ ನೇರವಾಗಿ ರೂಟರ್‌ಗೇ ಬರುವ ಒಂದೇ ಡಬ್ಬಿಯಾಗಿದ್ದರೆ ಆ ಫೈಬರ್ ತಂತಿಯನ್ನು ಮುಟ್ಟದಿರುವುದು ಒಳ್ಳೆಯದು, ತುದಿಗೆ ಧೂಳು ತಾಗಿದರೂ ಸಿಗ್ನಲ್ ಕುಗ್ಗುತ್ತದೆ. ಅದರ ಬದಲು ರೂಟರ್‌ನ ಸೆಟ್ಟಿಂಗ್‌ನಲ್ಲಿ ಮಕ್ಕಳ ನಿಯಂತ್ರಣ ಎಂಬ ವಿಭಾಗ ಇರುತ್ತದೆ. ಫೋನ್ ಮತ್ತು ಉಪಕರಣ ಎರಡಕ್ಕೂ ಅಲ್ಲಿ ಇಂಟರ್ನೆಟ್ ತಡೆಯಿರಿ.

ಫೋನಿನ ಮೊಬೈಲ್ ಡೇಟಾ ಆಫ್ ಮಾಡುವುದನ್ನು ಮರೆತರೆ ಪರೀಕ್ಷೆ ಕೆಟ್ಟಂತೆಯೇ. ವೈಫೈನಲ್ಲಿ ಇಂಟರ್ನೆಟ್ ಇಲ್ಲ ಎಂದು ಗೊತ್ತಾದ ಕೂಡಲೇ ಫೋನ್ ಸದ್ದಿಲ್ಲದೆ ಮೊಬೈಲ್ ಜಾಲಕ್ಕೆ ಜಿಗಿಯುತ್ತದೆ. ‘ಈ ಜಾಲದಲ್ಲಿ ಇಂಟರ್ನೆಟ್ ಇಲ್ಲ, ಆದರೂ ಇರುವುದೇ?’ ಎಂದು ಕೇಳಿದರೆ ಹೌದು ಎನ್ನಿ.

ಈಗ ಆ್ಯಪ್‌ನಿಂದ ಆನ್, ಆಫ್ ಮಾಡಿ. ಕೆಲಸ ಮಾಡಿತೇ? ಖುಷಿಪಡಲು ಇನ್ನೂ ಹೊತ್ತಿದೆ. ಆ್ಯಪ್ ಅನ್ನು ಪೂರ್ತಿ ಮುಚ್ಚಿ ತೆರೆಯಿರಿ. ಕೆಲವು ಆ್ಯಪ್‌ಗಳು ತೆರೆಯುವಾಗಲೇ ಲಾಗಿನ್ ಪರೀಕ್ಷಿಸಿ, ಸರ್ವರ್ ಸಿಗದಿದ್ದರೆ ಬಾಗಿಲಲ್ಲೇ ನಿಲ್ಲಿಸುತ್ತವೆ. ನಂತರ ಉಪಕರಣದ ಮೇಲಿರುವ ಗುಂಡಿ ಒತ್ತಿ ನೋಡಿ. ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ, ಕೆಲವು ಉಪಕರಣಗಳು ಕ್ಲೌಡ್ ಸಿಗದ ಸಂಕಟಕ್ಕೆ ಪದೇಪದೇ ರೀಸ್ಟಾರ್ಟ್ ಆಗತೊಡಗುತ್ತವೆ.

ಕೊನೆಗೆ ಹತ್ತು ನಿಮಿಷದ ನಂತರ ಹೊತ್ತಿಕೊಳ್ಳುವಂತೆ ವೇಳಾಪಟ್ಟಿ ಹೊಂದಿಸಿ, ಉಪಕರಣದ ಪ್ಲಗ್ ಕಿತ್ತು ಅರ್ಧ ನಿಮಿಷ ಬಿಟ್ಟು ಹಾಕಿ. ವೇಳೆಗೆ ಸರಿಯಾಗಿ ಹೊತ್ತಿಕೊಂಡರೆ ವೇಳಾಪಟ್ಟಿಯೂ ಗಡಿಯಾರವೂ ಮನೆಯೊಳಗಿವೆ. ಹೆಚ್ಚಿನವು ಸೋಲುವುದು ಇಲ್ಲಿಯೇ. ಇದರ ಜೊತೆಗೇ ಗಮನಿಸಬೇಕಾದ್ದು, ಕರೆಂಟ್ ಬಂದಾಗ ಅದು ಯಾವ ಸ್ಥಿತಿಯಲ್ಲಿ ಏಳುತ್ತದೆ ಎಂದು. ಬಹಳಷ್ಟು ಬಲ್ಬ್‌ಗಳು ಪೂರ್ತಿ ಬೆಳಕಿನಲ್ಲಿ ಏಳುತ್ತವೆ. ರಾತ್ರಿ ಎರಡು ಗಂಟೆಗೆ ಕರೆಂಟ್ ಬಂದರೆ ಮನೆಯೆಲ್ಲ ಹಗಲು. ಸೆಟ್ಟಿಂಗ್‌ನಲ್ಲಿ ‘ಕರೆಂಟ್ ಬಂದಾಗ’ ಎಂಬ ಅರ್ಥದ ಆಯ್ಕೆ ಹುಡುಕಿ, ಬಲ್ಬ್‌ಗೆ ‘ಹಿಂದಿನ ಸ್ಥಿತಿ’ ಎಂದಿಡಿ. ಹೀಟರ್ ಜೋಡಿಸಿದ ಪ್ಲಗ್‌ಗೆ ‘ಆಫ್’ ಎಂದೇ ಇರಲಿ.

ಬಿದ್ದ ದಿನ ಏನು ಮಾಡಬಾರದು

ಸರ್ವರ್ ಬಿದ್ದ ದಿನ ಜನ ಮಾಡುವ ಮೊದಲ ಕೆಲಸವೇ ತಪ್ಪು: ಆ್ಯಪ್‌ನಿಂದ ಲಾಗೌಟ್ ಆಗುವುದು. ಫೋನಿನಲ್ಲಿ ಇದ್ದ ಟೋಕನ್ ಕೆಲವು ವಾರ ನಡೆಯುತ್ತಿತ್ತೇನೋ. ಅದನ್ನು ಕೈಯಾರೆ ಎಸೆದು, ಈಗ ಬಿದ್ದಿರುವ ಸರ್ವರ್‌ನ ಮುಂದೆಯೇ ಹೊಸದಕ್ಕೆ ಕೈಚಾಚಬೇಕು. ಎರಡನೆಯದು, ಉಪಕರಣವನ್ನು ಆ್ಯಪ್‌ನಿಂದ ಅಳಿಸಿ ಮತ್ತೆ ಸೇರಿಸಲು ಹೋಗುವುದು. ಮೂರನೆಯದು ಫ್ಯಾಕ್ಟರಿ ರೀಸೆಟ್. ವೈಫೈ ಪಾಸ್‌ವರ್ಡ್, ಖಾತೆಯ ನಂಟು, ವೇಳಾಪಟ್ಟಿ ಎಲ್ಲ ಹೋಗುತ್ತದೆ, ಮರುಜೋಡಣೆಗೆ ಅದೇ ಸರ್ವರ್ ಬೇಕು. ಅಲ್ಲಿಯವರೆಗೆ ಗುಂಡಿ ಒತ್ತಿದರಾದರೂ ಉರಿಯುತ್ತಿದ್ದದ್ದು ಈಗ ಮಿಣುಕುವ ನೀಲಿ ದೀಪವಾಗುತ್ತದೆ.

ತೊಂದರೆ ನಿಮ್ಮದೋ ಅವರದ್ದೋ ಎಂದು ಮೊದಲು ನೋಡಿಕೊಳ್ಳಿ. ಬೇರೆ ಜಾಲತಾಣಗಳು ತೆರೆಯುತ್ತಿದ್ದರೆ ನಿಮ್ಮ ಸಂಪರ್ಕ ಸರಿಯಿದೆ. ಕಂಪನಿಯ ಸ್ಥಿತಿ ಪುಟದಲ್ಲಿ ಎಲ್ಲ ಹಸಿರಾಗಿದ್ದರೆ ಅದನ್ನೂ ಪೂರ್ತಿ ನಂಬಬೇಡಿ. 2017ರ ಫೆಬ್ರವರಿ 28ರಂದು ಅಮೆಜಾನ್‌ನ ಎಸ್3 ಎಂಬ ಕಡತ ಸಂಗ್ರಹ ಸೇವೆ ಬಿದ್ದಾಗ ಸ್ಥಿತಿ ಪುಟವನ್ನು ಬದಲಿಸಲೇ ಆಗಲಿಲ್ಲ, ಆ ಪುಟವೂ ಎಸ್3 ಅನ್ನೇ ನಂಬಿತ್ತು. 2025ರ ನವೆಂಬರ್ 18ರಂದು, ಅನೇಕ ಜಾಲತಾಣಗಳು ತಮ್ಮ ಮುಂಬಾಗಿಲಾಗಿ ಬಳಸುವ ಕ್ಲೌಡ್‌ಫ್ಲೇರ್ ಸೇವೆ ಬಿದ್ದಾಗ, ಯಾವ ಸೇವೆ ಬಿದ್ದಿದೆ ಎಂದು ಹೇಳುವ ಡೌನ್‌ಡಿಟೆಕ್ಟರ್ ತಾಣವೇ ಸರಿಯಾಗಿ ತೆರೆಯುತ್ತಿರಲಿಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ಗಂಟೆ ಮಾಯವಾಗಿದ್ದಾಗ, ಅಲ್ಲಿನ ನೌಕರರ ಬ್ಯಾಡ್ಜ್‌ಗಳಿಗೆ ಕಚೇರಿಯ ಬಾಗಿಲೂ ತೆರೆಯುತ್ತಿಲ್ಲ ಎಂದು ವರದಿಯಾಗಿತ್ತು.

ಸರ್ವರ್ ಎದ್ದ ಮೇಲೂ ಒಂದಷ್ಟು ಹೊತ್ತು ಪರದಾಟ ಇರುತ್ತದೆ. ಲಕ್ಷಗಟ್ಟಲೆ ಉಪಕರಣಗಳು ಒಂದೇ ಕ್ಷಣದಲ್ಲಿ ಬಾಗಿಲು ಬಡಿಯುತ್ತವೆ. ಒಳ್ಳೆಯ ಫರ್ಮ್‌ವೇರ್ ಆದರೆ ಮೊದಲು 1 ಸೆಕೆಂಡ್, ಆಮೇಲೆ 2, 4, 8 ಎಂದು ಕಾಯುತ್ತಾ, ಪ್ರತಿ ಸಲ ಒಂದಿಷ್ಟು ಯಾದೃಚ್ಛಿಕ ಹೊತ್ತು ಸೇರಿಸಿಕೊಳ್ಳುತ್ತದೆ, ಎಲ್ಲವೂ ಒಟ್ಟಿಗೆ ನುಗ್ಗದಿರಲಿ ಎಂದು. ಕೆಟ್ಟ ಫರ್ಮ್‌ವೇರ್ ಸೆಕೆಂಡಿಗೊಮ್ಮೆ ಬಡಿಯುತ್ತದೆ. 2003ರಲ್ಲಿ ನೆಟ್‌ಗಿಯರ್‌ನ ಕೆಲವು ರೂಟರ್‌ಗಳು ಸಮಯ ಕೇಳಲು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಒಂದೇ ಸರ್ವರ್‌ನ ವಿಳಾಸವನ್ನು ಹೊಟ್ಟೆಯಲ್ಲಿಟ್ಟುಕೊಂಡು, ಉತ್ತರ ಸಿಗದಿದ್ದರೆ ಸೆಕೆಂಡಿಗೊಮ್ಮೆ ಕೇಳುತ್ತಿದ್ದವು. ಹಾಗೆ ಕೇಳಿಕೇಳಿಯೇ ವಿಶ್ವವಿದ್ಯಾಲಯದ ಜಾಲವನ್ನು ತುಂಬಿಸಿಬಿಟ್ಟವು. ಆದ್ದರಿಂದ ಸರ್ವರ್ ಎದ್ದ ಸುದ್ದಿ ಬಂದ ಮೇಲೆ ಅರ್ಧ ಗಂಟೆ ಬಿಡಿ. ಆಗಲೂ ಬಾರದ ಉಪಕರಣವನ್ನು ಮಾತ್ರ ಪ್ಲಗ್ ಕಿತ್ತು ಹಾಕಿ, ಒಂದೊಂದಾಗಿ.

ಮನೆಯೊಳಗಿನ ದಾರಿ

ಕ್ಲೌಡ್ ಬೇಡವೇ ಬೇಡ ಎನ್ನುವವರಿಗೆ ದಾರಿಗಳಿವೆ. ಜಿಗ್‌ಬೀ, ಝಡ್-ವೇವ್ ಎಂಬ ಕಿರುದೂರದ ರೇಡಿಯೊ ಸಂಪರ್ಕದ ಉಪಕರಣಗಳು ಇಂಟರ್ನೆಟ್‌ನ ಗೋಜಿಗೇ ಹೋಗದೆ ಮನೆಯ ಹಬ್ ಜೊತೆ ಮಾತಾಡುತ್ತವೆ. ಆ ಹಬ್ ಕ್ಲೌಡ್ ನಂಬಿದ್ದರೆ ಮತ್ತೆ ಅದೇ ಹಾಡು. 2022ರ ಅಕ್ಟೋಬರ್‌ನಲ್ಲಿ ಬಂದ ಮ್ಯಾಟರ್ ಎಂಬ ಮಾನದಂಡದಲ್ಲಿ ಆನ್, ಆಫ್, ಬೆಳಕಿನ ಮಟ್ಟದಂಥ ಮೂಲ ಆಜ್ಞೆಗಳು ಮನೆಯ ಜಾಲದೊಳಗೇ ಓಡುತ್ತವೆ. ಕಂಪನಿಯ ವಿಶೇಷ ಸೌಲಭ್ಯಗಳಿಗೆ ಅವರದೇ ಆ್ಯಪ್ ಬೇಕಾಗಬಹುದು, ಮೊದಲ ಜೋಡಣೆಗೆ ಇಂಟರ್ನೆಟ್ ಕೇಳುವುದೂ ಉಂಟು. ಆ ಜೋಡಣೆಯ ಕ್ಯೂಆರ್ ಕೋಡ್ ಪೆಟ್ಟಿಗೆಯ ಮೇಲೋ ಉಪಕರಣದ ಹಿಂಬದಿಯಲ್ಲೋ ಇರುತ್ತದೆ. ಚಾವಣಿಗೆ ಹಾಕುವ ಮೊದಲು ಅದರ ಫೋಟೊ ತೆಗೆದಿಡಿ. ಆಮೇಲೆ ಏಣಿ ಹತ್ತಬೇಕಾಗುತ್ತದೆ.

ಹೋಮ್ ಅಸಿಸ್ಟೆಂಟ್‌ನಂಥ ಮುಕ್ತ ತಂತ್ರಾಂಶವನ್ನು ಮನೆಯ ಸಣ್ಣ ಕಂಪ್ಯೂಟರ್‌ನಲ್ಲೇ ನಡೆಸುವವರೂ ಇದ್ದಾರೆ. ಅಲ್ಲಿ ಬೇರೆ ಬಗೆಯ ತಾಪತ್ರಯ. ದಿನವಿಡೀ ಬರೆದು ಬರೆದು ಮೆಮೊರಿ ಕಾರ್ಡ್ ಸವೆದು ಒಂದು ದಿನ ಸಾಯುತ್ತದೆ, ಬ್ಯಾಕಪ್ ಅದೇ ಕಾರ್ಡ್‌ನಲ್ಲಿ ಇಟ್ಟಿರುತ್ತಾರೆ. ಇದರ ಜೊತೆ ಬಳಸುವ ಇಎಸ್‌ಪಿಹೋಮ್ ಎಂಬ ಮುಕ್ತ ಫರ್ಮ್‌ವೇರ್ ಹಾಕಿದ ಉಪಕರಣ 15 ನಿಮಿಷ ಯಾರೂ ಮಾತಾಡಿಸದಿದ್ದರೆ ತಾನಾಗಿ ರೀಸ್ಟಾರ್ಟ್ ಆಗುತ್ತದೆ, ಮೂಲ ಸೆಟ್ಟಿಂಗ್ ಹಾಗಿದೆ. ಮುಖ್ಯ ಕಂಪ್ಯೂಟರ್ ಕೆಟ್ಟ ದಿನ ದೀಪಗಳು ಕಾಲು ಗಂಟೆಗೊಮ್ಮೆ ಕಣ್ಣು ಮಿಟುಕಿಸಿದರೆ ದೆವ್ವ ಎಂದು ಹೆದರಬೇಕಿಲ್ಲ. ಅಮೆಜಾನ್‌ನಲ್ಲಿ ನಡುರಾತ್ರಿ ಎದ್ದು ರಿಪೇರಿ ಮಾಡುವ ಎಂಜಿನಿಯರ್‌ಗಳಿದ್ದಾರೆ, ಇಲ್ಲಿ ಆ ಎಂಜಿನಿಯರ್ ನೀವೇ.

ಕಾನೂನು ನಿಧಾನವಾಗಿ ಬರುತ್ತಿದೆ. ಬ್ರಿಟನ್‌ನಲ್ಲಿ 2024ರ ಏಪ್ರಿಲ್ 29ರಿಂದ, ಇಂಥ ಉಪಕರಣಕ್ಕೆ ಸುರಕ್ಷತಾ ಅಪ್‌ಡೇಟ್ ಕನಿಷ್ಠ ಎಷ್ಟು ಕಾಲ ಸಿಗುತ್ತದೆ ಎಂದು ತಯಾರಕರು ಪ್ರಕಟಿಸಲೇಬೇಕು. ಯುರೋಪ್ ಒಕ್ಕೂಟದ ಸೈಬರ್ ಕಾಯ್ದೆಯ ಮುಖ್ಯ ಭಾಗಗಳು 2027ರ ಡಿಸೆಂಬರ್ 11ರಿಂದ ಅನ್ವಯವಾಗುತ್ತವೆ, ಸಾಮಾನ್ಯವಾಗಿ ಕನಿಷ್ಠ 5 ವರ್ಷದ ಬೆಂಬಲ ಕೊಡಬೇಕು. ಆದರೆ ಇವೆರಡರ ಗಮನವೂ ಸುರಕ್ಷತೆಯ ಮೇಲೆ. ಸರ್ವರ್ ಬಿದ್ದಾಗ ಗುಂಡಿ ಕೆಲಸ ಮಾಡಬೇಕು ಎಂಬ ನಿಯಮ ಇವುಗಳಲ್ಲಿ ಇಲ್ಲ.

ಎಲ್ಲ ಉಪಕರಣಕ್ಕೂ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಬಣ್ಣ ಬದಲಿಸುವ ದೀಪ ಒಂದು ಸಂಜೆ ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ಬಿಸಿ ಮಾಡುವುದು, ಆಹಾರ ಹಾಕುವುದು, ಬಾಗಿಲು ತೆರೆಯುವುದು, ಈ ಮೂರಕ್ಕೆ ಮಾತ್ರ ಕೈಯಿಂದ ನಡೆಸುವ ದಾರಿ ಇರಲೇಬೇಕು. ಹೀಟರ್ ಇರುವ ಯಾವುದಕ್ಕಾದರೂ ಪ್ಲಗ್ ಕೈಗೆ ಸಿಗುವಂತಿರಲಿ, ಮಂಚದ ಹಿಂದೆ ಗೋಡೆಗೆ ಒತ್ತಿ ಸೇರಿಹೋಗಬಾರದು. ಬೀಗ ಕೊಳ್ಳುವಾಗ ಕೀಲಿ ರಂಧ್ರ ಇರುವುದನ್ನೇ ನೋಡಿ. ಅದಿಲ್ಲದಿದ್ದರೆ ಬ್ಯಾಟರಿ ಸತ್ತಾಗ ಹೊರಗಿನಿಂದ 9 ವೋಲ್ಟ್ ಬ್ಯಾಟರಿ ತಾಗಿಸುವ ಎರಡು ಚುಕ್ಕಿಗಳೋ, ಯುಎಸ್‌ಬಿ ತೂತೋ ಕೆಳಗಡೆ ಇದೆಯೇ ಎಂದು ಬೆರಳಾಡಿಸಿ ಖಚಿತಪಡಿಸಿಕೊಳ್ಳಿ. ಪೆಟ್ಟಿಗೆಯಲ್ಲಿ ಕೊಟ್ಟ ಎರಡು ಕೀಲಿಗಳನ್ನು ಅದೇ ಮನೆಯ ಕಪಾಟಿನಲ್ಲಿ ಭದ್ರವಾಗಿ ಇಟ್ಟು ಹೊರಗೆ ಹೋಗುವವರಿಗೆ ಮಾತ್ರ ಯಾವ ಸರ್ವರ್ ಎದ್ದರೂ ಉಪಯೋಗವಿಲ್ಲ. ಒಂದನ್ನಾದರೂ ಪಕ್ಕದ ಮನೆಯವರ ಕೈಯಲ್ಲಿ ಕೊಟ್ಟಿರಿ.